ಡಂಗುರಕ್ಕೆ ಕಿವಿಯೂ ಬೇಕು

ಬೆಳಗಾಗುತ್ತಲೇ ರೇಡಿಯೋ ಹಚ್ಚುವ ತಮಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ರೇಡಿಯೋ ಮಾತನಾಡುತ್ತದೆ, ನಾವು ಕೇಳುತ್ತೇವೆ. ನಮ್ಮ ಮಾತು ಅತ್ತ ಮುಟ್ಟಬೇಕಾದರೆ ಕಾಗದ ಬರೆಯಬೇಕು; ಅದನ್ನು ಒಡೆದು ಓದಿ ಉತ್ತರ ಹೇಳುವವರು ಅಲ್ಲಿರಬೇಕು. ಕೇಳುಗರ ಪತ್ರಕ್ಕೆ ಉತ್ತರ ಬಂದ ದಿನ ನಿಲಯವು ನಮ್ಮದೆನಿಸುತ್ತದೆ. ನಗರಸಭೆ, ಪುರಸಭೆ, ಪಂಚಾಯತಿಗಳು ಈಗ ಫೇಸ್‌ಬುಕ್, ವಾಟ್ಸಾಪ್ ಮೊದಲಾದ ಸಾಮಾಜಿಕ ಜಾಲತಾಣಗಳ ಮೂಲಕ ಜನರೊಡನೆ ಮಾತಿಗೆ ತೊಡಗಿವೆ. ಇದನ್ನು ವಿಚಾರಿಸುವಾಗಲೂ ಮೇಲಿನ ಸಂಗತಿಯನ್ನು ನೆನಪಿನಲ್ಲಿಡಬೇಕು.

ಹಿಂದೆ ಊರಿಗೆ ತಿಳಿಸಬೇಕಾದುದನ್ನು ಡಂಗುರ ಹೊಡೆದು ಸಾರುತ್ತಿದ್ದರು. ಆಮೇಲೆ ಆಟೋರಿಕ್ಷಾಕ್ಕೆ ಧ್ವನಿವರ್ಧಕ ಕಟ್ಟಿದರು. ಇಂದು ಅದೇ ಮಾತು ಅಂಗೈಯಲ್ಲಿನ ಫೋನಿಗೆ ಬರುತ್ತದೆ. ವೇಗ ಹೆಚ್ಚಿತು, ಖರ್ಚು ಕಡಿಮೆಯಾಯಿತು. ಆದರೆ ಡಂಗುರಕ್ಕೆ ಬಾಯಿ ಉಂಟು, ಕಿವಿಯಿಲ್ಲ. 2023ರಲ್ಲಿ ವಾಟ್ಸಾಪ್ ಆರಂಭಿಸಿದ 'ಚಾನೆಲ್' ಎಂಬ ಏರ್ಪಾಡು ಅಪ್ಪಟ ಡಂಗುರವೇ. ಅಲ್ಲಿ ಒಬ್ಬರು ಸಾರುತ್ತಾರೆ, ಉಳಿದವರು ಓದುತ್ತಾರೆ. 'ಗುಂಪು' ಎಂಬುದು ಹಾಗಲ್ಲ, ಅದು ಊರ ಕಟ್ಟೆಯಂತೆ. ಯಾರು ಬೇಕಾದರೂ ಮಾತನಾಡಬಹುದು. ಕಟ್ಟೆಯ ದೋಷವೂ ಅದಕ್ಕುಂಟು. ಚರಂಡಿ ಕಟ್ಟಿಕೊಂಡಿದೆಯೆಂದು ರಾತ್ರಿ ನೀವು ಬರೆದ ಮಾತು ಬೆಳಗಾಗುವಷ್ಟರಲ್ಲಿ ಶುಭೋದಯದ ಹೂವಿನ ಚಿತ್ರಗಳ ಅಡಿಯಲ್ಲಿ ಹೂತುಹೋಗಿರುತ್ತದೆ.

ಪಟ್ಟಣವಾಸಿಗಳಿಗೆ ಈ ಕಿವಿ ವಿಶೇಷವಾಗಿ ಏಕೆ ಬೇಕೆಂಬುದನ್ನು ನೋಡೋಣ. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಹಳ್ಳಿಗಳ ಗ್ರಾಮಸಭೆಗೆ ಸ್ಥಾನ ಕೊಟ್ಟಿತು. ಔರಾದ, ಭಾಲ್ಕಿ ತಾಲ್ಲೂಕಿನ ರೈತನೊಬ್ಬನು ಆ ಸಭೆಯಲ್ಲಿ ಎದ್ದು ನಿಂತು, ತನ್ನ ಓಣಿಯ ದೀಪ ಏಕೆ ಉರಿಯುತ್ತಿಲ್ಲವೆಂದು ಕೇಳಬಹುದು. ಅದೇ ವರ್ಷ ಜೂನ್ 1ರಂದು ಜಾರಿಯಾದ 74ನೆಯ ತಿದ್ದುಪಡಿ ಪಟ್ಟಣಗಳಿಗೆ ಸಂಬಂಧಿಸಿದ್ದು. ಅದು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿದ್ದು 3 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಪೌರಸಂಸ್ಥೆಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಬೀದರ ನಗರದ ಜನಸಂಖ್ಯೆ 2 ಲಕ್ಷವನ್ನು ದಾಟಿತ್ತು, 3 ಲಕ್ಷವನ್ನು ಮುಟ್ಟಿರಲಿಲ್ಲ. ಹಳ್ಳಿಯವನಿಗೆ ದೊರೆತ ಪ್ರಶ್ನೆ ಕೇಳುವ ಜಾಗ ನಮ್ಮ ಚಿದ್ರಿಯಂಥ ನಗರದ ಬಡಾವಣೆಯವನಿಗೆ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಈ ಕೊರತೆಯನ್ನು ಜಾಲತಾಣ ಒಂದಿಷ್ಟು ತುಂಬಬಲ್ಲದು. ಆದರೆ ಗ್ರಾಮಸಭೆಯ ಬೆಲೆಯಿರುವುದು ಕೇಳಿದ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗುವುದರಲ್ಲಿ. ದಾಖಲೆಯಿಲ್ಲದ ಪ್ರಶ್ನೆ ಗಾಳಿಗೆ ಹೋದ ಮಾತು.

ಹಾಗಾದರೆ ಜಾಲತಾಣದಲ್ಲಿ ದಾಖಲೆ ಹೇಗೆ? 'ಸಕಾಲ'ವನ್ನು ನೆನಪಿಸಿಕೊಳ್ಳಿ. 2011ರ ಕಾಯ್ದೆಯಾದ ಅದು 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದಿತು. ಅರ್ಜಿ ಕೊಟ್ಟವನ ಕೈಗೆ ಒಂದು ಸಂಖ್ಯೆ ಬಂತು, ಕೆಲಸಕ್ಕೆ ಗಡುವು ಬಂತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರವೆಂದೂ ಗೊತ್ತಾಯಿತು. ಪೌರಸಂಸ್ಥೆಗಳ ದೂರುಗಳಿಗಾಗಿ ಪೌರಾಡಳಿತ ನಿರ್ದೇಶನಾಲಯ ತಂದ 'ಜನಹಿತ' ಎಂಬ ಮೊಬೈಲ್ ಆ್ಯಪ್‌ನ ಉದ್ದೇಶವೂ ದೂರು ದಾಖಲಾಗಬೇಕೆಂಬುದೇ. ವಾಟ್ಸಾಪಿಗೆ ಬಂದ ದೂರನ್ನು ಕಚೇರಿಯ ಒಬ್ಬ ನೌಕರರು ಅಂದೇ ದಾಖಲಿಸಿ, ಸಂಖ್ಯೆ ಕೊಟ್ಟು, ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ಉತ್ತರ ಬರೆದರೆ ಡಂಗುರಕ್ಕೆ ಕಿವಿ ಬಂದಂತೆ.

ಇನ್ನೊಂದು ಮಾತು. ಹಿಂದೆ ನಾನು ಪಾಠ ಹೇಳುತ್ತಿದ್ದ ಒಂದು ಊರಿನಲ್ಲಿ ಕೊಳವೆ ದುರಸ್ತಿಗಾಗಿ ಎರಡು ದಿನ ನೀರು ಬರುವುದಿಲ್ಲವೆಂದು ಫೋನಿಗೆ ಸೂಚನೆ ಬಂತು. ಓದಿದವರು ಮುಂಚೆಯೇ ತುಂಬಿಸಿಟ್ಟುಕೊಂಡರು. ಮರುದಿನ ನಸುಕಿನಲ್ಲಿ ನೆರೆಮನೆಯ ವೃದ್ಧೆ ಖಾಲಿ ಕೊಡಗಳನ್ನು ಸಾಲಾಗಿಟ್ಟು ನಳದ ಮುಂದೆ ಕುಳಿತಿದ್ದರು. ಸೂಚನೆಯ ವಿಷಯ ತಿಳಿಸಿದೆ. ಅವರು ನಗುತ್ತ, "ಮಾಸ್ತರ್, ಫೋನಿಗಿ ಹೇಳ್ಯಾರ, ನನಗ ಯಾರ್ ಹೇಳ್ಯಾರ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಹಿಂದಿನ ದಿನ ಆ ಸೂಚನೆಯನ್ನು ನಾನೂ ಓದಿದ್ದೆ. ಗೋಡೆಯಾಚೆಗೆ ಒಂದು ಮಾತು ಕೂಗಿ ಹೇಳಿರಲಿಲ್ಲ.

ಆ ಅಜ್ಜಿಯ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು, ಮಾಹಿತಿಯನ್ನು ಪ್ರಚುರಪಡಿಸುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ವಿಧಾನವನ್ನೂ ಗಮನಿಸಬೇಕೆನ್ನುತ್ತದೆ. ಸೂಚನಾ ಫಲಕ, ಪತ್ರಿಕೆ, ಸಾರ್ವಜನಿಕ ಪ್ರಕಟಣೆ, ಪ್ರಸಾರ, ಇಂಟರ್‌ನೆಟ್ ಎಲ್ಲವೂ ಅದರಲ್ಲಿ ಸೇರಿವೆ. ನಮ್ಮ ಬೀದರ ಸೀಮೆಯಲ್ಲಿ ಕನ್ನಡದೊಡನೆ ಉರ್ದು, ಮರಾಠಿ, ತೆಲುಗು ಮಾತನಾಡುವ ಮನೆಗಳಿವೆ. ಓದು ಬಾರದ ಹಿರಿಯರಿದ್ದಾರೆ. ಅವರಿಗೆ ಅಚ್ಚಿನ ಸೂಚನೆಗಿಂತ ಅವರ ಮಾತಿನಲ್ಲೇ ಹೇಳಿದ ಅರ್ಧ ನಿಮಿಷದ ಧ್ವನಿಸಂದೇಶ ಹೆಚ್ಚು ಉಪಯೋಗ. ಫೋನಿಲ್ಲದವರಿಗೆ ಆಟೋರಿಕ್ಷಾದ ಕೂಗು ಇನ್ನೂ ಬೇಕು. ಹೊಸದು ಬಂತೆಂದು ಹಳೆಯದನ್ನು ಕೈಬಿಡಲಾಗದು.

ತಮ್ಮ ಮನೆಯಿಂದ ಆಗಬೇಕಾದುದೂ ಕೆಲವುಂಟು. ದೂರು ಬರೆಯುವಾಗ ಓಣಿಯ ಹೆಸರು, ಹತ್ತಿರದ ಗುರುತು, ದಿನಾಂಕ ಇರಲಿ. ಒಂದು ಚಿತ್ರವೂ ಇರಲಿ. ದೀಪದ ವಿಷಯವಾದರೆ ಕಂಬದ ಸಂಖ್ಯೆ ಬರೆಯಿರಿ. ದೂರಿನ ಸಂಖ್ಯೆಯನ್ನು ಕೇಳಿ ಪಡೆದು ಗುರುತು ಹಾಕಿಟ್ಟುಕೊಳ್ಳಿ. ಆಧಾರ್ ಸಂಖ್ಯೆಯನ್ನು ಹತ್ತು ಜನ ನೋಡುವ ಕಡೆ ಹಾಕಬೇಡಿ. ಯಾರೋ ಕಳಿಸಿದ ಸುದ್ದಿಯನ್ನು ಕಚೇರಿಯ ಸ್ವಂತ ಪುಟದಲ್ಲಿ ನೋಡದೆ ಮುಂದಕ್ಕೆ ದಾಟಿಸಬೇಡಿ. ನೌಕರರನ್ನು ಬೈದರೆ ಚರಂಡಿ ಹರಿಯದು. ಕೆಲಸವಾದಾಗ ಒಂದು ಒಳ್ಳೆಯ ಮಾತು ಬರೆದರೆ ಮುಂದಿನ ದೂರಿಗೂ ಹಾದಿಯಾದೀತು.

ನೀರಿನ ಸೂಚನೆ ಫೋನಿಗೆ ಬಂದಾಗ ಒಮ್ಮೆ ಗೋಡೆಯಾಚೆಗೂ ಕೂಗಿ ಹೇಳಿ. ನಾನು ಅಂದಿನಿಂದ ಹಾಗೆ ಮಾಡುತ್ತಿದ್ದೇನೆ.