ನಿಮಗಿದು ಗೊತ್ತೆ? ತುಂಬಿದ ಬಾಟಲಿ ತುಳುಕುವುದಿಲ್ಲ!

ವಿಮಾನ ಪ್ರಯಾಣದಲ್ಲಿ ತುಂಬಿದ ಶಾಂಪೂ ಬಾಟಲಿಗಿಂತ ಅರ್ಧ ಖಾಲಿಯಾದ ಬಾಟಲಿಯೇ ಸೋರುವ ಸಾಧ್ಯತೆ ಹೆಚ್ಚು. ಕಿತಾಪತಿ ಶಾಂಪೂವಿನದ್ದಲ್ಲ, ಅದರ ಮೇಲಿನ ಖಾಲಿ ಜಾಗದಲ್ಲಿ ಕುಳಿತ ಗಾಳಿಯದ್ದು.

ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿದ್ದಷ್ಟು ಇರುವುದಿಲ್ಲ. ಅದು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ತುದಿಯಲ್ಲಿ ಇರುವಷ್ಟಕ್ಕೆ ಇಳಿಯುತ್ತದೆ. 8,000 ಅಡಿ ಎಂದರೆ ಸಮುದ್ರಮಟ್ಟದ ಒತ್ತಡದ ಸುಮಾರು ಮುಕ್ಕಾಲು ಭಾಗ ಮಾತ್ರ. ಹೊರಗಿನ ಒತ್ತಡ ತಗ್ಗಿದಾಗ ಬಾಟಲಿಯೊಳಗಿನ ಗಾಳಿ ಹಿಗ್ಗುತ್ತದೆ. ಶಾಂಪೂವನ್ನು ಮುಚ್ಚಳದ ಸಂದಿಯತ್ತ ದಬ್ಬುತ್ತದೆ. ಬಾಟಲಿ ತುಂಬಿದ್ದರೆ ಹಿಗ್ಗಲು ಗಾಳಿಯೇ ಇರುವುದಿಲ್ಲ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಕಡಲ ತೀರದ ಮಂಗಳೂರಿನಲ್ಲಿ ಮುಚ್ಚಿದ ಬಾಟಲಿಯ ಗಾಳಿ 8,000 ಅಡಿಯ ಒತ್ತಡದಲ್ಲಿ ಮೂರನೇ ಒಂದರಷ್ಟು ಹಿಗ್ಗಲು ನೋಡುತ್ತದೆ. ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಮುಚ್ಚಿದ್ದರೆ ಐದನೇ ಒಂದರಷ್ಟು ಮಾತ್ರ.

ಚೆಕ್-ಇನ್ ಲಗೇಜಿಗೆ ಹಾಕಿದರೂ ಪಾರಾಗುವಂತಿಲ್ಲ. ಪ್ರಯಾಣಿಕರ ವಿಮಾನದಲ್ಲಿ ಸಾಮಾನಿನ ಕೋಣೆಯ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಉಪಾಯ ಸುಲಭ. ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಯನ್ನು ಹಿಸುಕಿ, ಒಳಗಿನ ಗಾಳಿ ಹೊರಹಾಕಿ, ಹಾಗೇ ಮುಚ್ಚಳ ಬಿಗಿಯಿರಿ. ಬಾಯಿಗೊಂದು ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಪಿದರೆ ಇನ್ನೂ ಭದ್ರ. ಅದೂ ಬೇಡವೆಂದರೆ ಸೋಪಿನ ಬಿಲ್ಲೆಯನ್ನೇ ಒಯ್ಯಿರಿ. ಅದಕ್ಕೆ ಸೋರುವ ಭಯವೂ ಇಲ್ಲ, ಭದ್ರತಾ ತಪಾಸಣೆಯಲ್ಲಿ ದ್ರವದ ಮಿತಿಯೂ ಇಲ್ಲ.