ಹಳೆಯ ಯೆಜ್ದಿಯೂ ಕೂದಲೆಳೆಯ ಅಂತರವೂ

ಶನಿವಾರಗಳಲ್ಲಿ ಮಧುರೆಯ ರಸ್ತೆ ಶನಿಮಹಾತ್ಮನ ದರ್ಶನಕ್ಕೆ ಹೋಗುವ ಜನರಿಂದ ತುಂಬಿರುತ್ತದೆ. ಅಂತಹ ಒಂದು ಶನಿವಾರ, ಮಧುರೆಯ ಕೆರೆಯ ಸಮೀಪದಲ್ಲಿ, ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ ಓಡುತ್ತಿದ್ದಂತೆಯೇ ಬಿಗಿದುಕೊಂಡಿತು. ಹಿಂದೆಯೇ ಬಸ್ಸೊಂದು ಬರುತ್ತಿತ್ತು. ಕ್ಲಚ್ಚನ್ನು ಹಿಡಿದುದರಿಂದ ಚಕ್ರ ಬಿಡುಗಡೆ ಹೊಂದಿತು, ನಾನೂ ಬದುಕಿದೆ. ಆದರೆ ಎಂಜಿನ್ ಎಷ್ಟು ಒದ್ದರೂ ಕದಲಲಿಲ್ಲ.

ವಾಹನ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ. 1961ರಲ್ಲಿ ಉತ್ಪಾದನೆಗೆ ತೊಡಗಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಳೆಯದನ್ನು ಕೊಂಡ ಉತ್ಸಾಹದಲ್ಲಿ ನಾನು ಸಿಲಿಂಡರನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದೆ. "ಮೇಷ್ಟ್ರೇ, ಮೊದಲ ಐನೂರು ಕಿಲೋಮೀಟರು ನಿಧಾನ" ಎಂದು ದೊಡ್ಡಬಳ್ಳಾಪುರದ ಮೆಕ್ಯಾನಿಕ್ ಎಚ್ಚರಿಸಿದ್ದರು. ಭೌತಶಾಸ್ತ್ರ ಬೋಧಿಸುವ ನಾನು ಆ ಮಾತಿನಲ್ಲಿದ್ದ ಭೌತಶಾಸ್ತ್ರವನ್ನು ಗಮನಿಸಲಿಲ್ಲ.

ಲೆಕ್ಕ ಸರಳವಾಗಿದೆ. ಈ ಪಿಸ್ಟನ್ನಿನ ಮೂಲ ವ್ಯಾಸ 65 ಮಿ.ಮೀ., ಅದು ಚಲಿಸುವ ದೂರ 75 ಮಿ.ಮೀ. ಗುಣಿಸಿದರೆ ಸುಮಾರು 249 ಘನ ಸೆಂ.ಮೀ. ಗಾತ್ರ ದೊರೆಯುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಸಿಲಿಂಡರು ಎರಕದ ಕಬ್ಬಿಣದ್ದು. ಉಷ್ಣತೆ ಒಂದು ಡಿಗ್ರಿ ಏರಿದಾಗ ಮೊದಲನೆಯದು ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 20 ಪಾಲು, ಎರಡನೆಯದು ಸುಮಾರು 11 ಪಾಲು ಹಿಗ್ಗುತ್ತದೆ. ಎರಡೂ 100 ಡಿಗ್ರಿ ಕಾದರೆ ಪಿಸ್ಟನ್ 0.13 ಮಿ.ಮೀ., ಸಿಲಿಂಡರು 0.07 ಮಿ.ಮೀ. ಹಿಗ್ಗುವುವು. ವ್ಯತ್ಯಾಸ 0.06 ಮಿ.ಮೀ.; ಒಂದು ತಲೆಗೂದಲಿನ ದಪ್ಪವೆನ್ನಬಹುದು. ಸಿಲಿಂಡರಿನ ಹೊರಗೆ ಗಾಳಿಗೆ ಒಡ್ಡಿದ ರೆಕ್ಕೆಗಳಿವೆ. ಪಿಸ್ಟನ್ನಾದರೋ ಬೆಂಕಿಯ ಕೆಳಗೇ ಇರುವುದು. ಆದುದರಿಂದ ಅದು ಇನ್ನೂ ಹೆಚ್ಚು ಕಾಯುತ್ತದೆ, ಅಂತರ ಇನ್ನೂ ಕುಗ್ಗುತ್ತದೆ. ಹೊಸದಾಗಿ ಕೊರೆದ ಮೈಯಲ್ಲಿ ಕಣ್ಣಿಗೆ ಕಾಣದ ಏರುತಗ್ಗುಗಳಿದ್ದು, ಅವು ಸವೆಯುವವರೆಗೆ ಘರ್ಷಣೆಯೂ ಅಧಿಕ. ವೇಗ ಹೆಚ್ಚಿಸಿದರೆ ಎಣ್ಣೆಯ ಪದರ ಹರಿದು ಲೋಹ ಲೋಹವನ್ನು ಕಚ್ಚುತ್ತದೆ.

ಇದು ಎರಡು ಹೊಡೆತದ ಎಂಜಿನ್. ಇದರಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕಿನ ಕೋಣೆಗೆ ಹೋಗುವುದರಿಂದ ಅಲ್ಲಿ ಎಣ್ಣೆ ತುಂಬಿಡುವಂತಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ನಾನೀಗ ಲೀಟರಿಗೆ 40 ಮಿಲಿಲೀಟರು ಅಳೆದು ಹಾಕುತ್ತೇನೆ, ಅಂದಾಜಿನಲ್ಲಿ ಸುರಿಯುವುದಿಲ್ಲ.

ಇಂದಿನ ಪೆಟ್ರೋಲಿನ ವಿಷಯವನ್ನೂ ಹಳೆಯ ವಾಹನದವರು ಅರಿತಿರಬೇಕು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು; ಎಥನಾಲಿಗೆ 9 ಸಾಕು. ಶೇಕಡಾ 20ರಷ್ಟು ಎಥನಾಲ್ ಬೆರೆತ ಇಂಧನ ಹಳೆಯ ಕಾರ್ಬುರೇಟರಿನ ಮೂಲಕ ಹೋದಾಗ ಗಾಳಿಯ ಪಾಲು ಹೆಚ್ಚಾಗಿ ಎಂಜಿನ್ ಕಾಯಬಹುದು. ಜೆಟ್ಟನ್ನು ತಕ್ಕಂತೆ ಬದಲಾಯಿಸುವುದು ಇದಕ್ಕೆ ಪರಿಹಾರ. ಎಥನಾಲ್ ನೀರನ್ನು ಹೀರುವುದರಿಂದ ಇಂಧನವನ್ನು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಡಲೂ ಬಾರದು.

ಕೆಲವು ವಿದ್ಯಾರ್ಥಿಗಳು ಸೈಲೆನ್ಸರಿನ ಒಳಭಾಗ ತೆಗೆದರೆ ಬಲ ಹೆಚ್ಚುವುದೆಂದು ನಂಬಿದ್ದಾರೆ. ಈ ಎಂಜಿನ್ನಿನಲ್ಲಿ ಹೊಗೆಯ ದ್ವಾರ ತೆರೆದಿರುವಾಗಲೇ ಹೊಸ ಮಿಶ್ರಣ ಒಳಬರುತ್ತದೆ. ಸೈಲೆನ್ಸರಿನಿಂದ ಹಿಂದಿರುಗುವ ಒತ್ತಡದ ಅಲೆ, ಹೊರನುಗ್ಗುವ ಮಿಶ್ರಣವನ್ನು ಮರಳಿ ತಳ್ಳಬಲ್ಲದು. ಒಳಭಾಗ ತೆಗೆದರೆ ಆ ಅಲೆಯೂ ಕೆಡುತ್ತದೆ. ಆಗ ಸದ್ದು ಹೆಚ್ಚಾಗಿ, ಇಂಧನ ವ್ಯರ್ಥವಾಗುತ್ತದೆ.

ಸಿಲಿಂಡರನ್ನು ಮತ್ತೊಮ್ಮೆ ಬೋರ್ ಮಾಡಿಸಿದೆ. ಈ ಸಲ ಐನೂರು ಕಿಲೋಮೀಟರನ್ನು ಎಣಿಸಿಯೇ ಓಡಿಸಿದೆ. ಎತ್ತಿನ ಗಾಡಿಯೂ ನನ್ನನ್ನು ಹಿಂದೆ ಹಾಕುವುದೇನೋ ಎನಿಸಿದ್ದುಂಟು. ಕೊನೆಗೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದೆ. ಅದರ ತುದಿ ಬೆಳ್ಳಗಾಗಿದ್ದರೆ ಅತಿ ಶಾಖ, ಕಪ್ಪಗೆ ಜಿಡ್ಡಾಗಿದ್ದರೆ ಅತಿ ಇಂಧನ ಅಥವಾ ಎಣ್ಣೆ. ನನ್ನದು ಚಹದ ಬಣ್ಣಕ್ಕಿತ್ತು. ನಿಮ್ಮ ಮನೆಯಲ್ಲಿಯೂ ಇಂತಹ ಹಳೆಯ ವಾಹನವಿದ್ದರೆ, ಅದು ಆರಿ ತಣ್ಣಗಾದ ಮೇಲೆ, ಹಿರಿಯರ ಸಹಾಯದಿಂದ ಪ್ಲಗ್ಗನ್ನೊಮ್ಮೆ ತೆಗೆದು ನೋಡಿರಿ.