ಬಂದ ಪುಟಕ್ಕೇ ಮರಳುವ ಬಗೆ

ವಾಚನಾಲಯದಲ್ಲಿ ಗ್ರಂಥವನ್ನೋದುತ್ತಿರುವವನು ನಡುವೆ ಎದ್ದು ಹೋಗಬೇಕಾದರೆ ಪುಟಗಳ ನಡುವೆ ಕಾಗದದ ಚೂರೊಂದನ್ನಿಟ್ಟು ಹೋಗುತ್ತಾನೆ. ಮರಳಿ ಬಂದೊಡನೆ ಬಿಟ್ಟ ಸ್ಥಳವು ಅವನಿಗೆ ದೊರೆಯುತ್ತದೆ. ಗಣಕಯಂತ್ರದ ತೆರೆಯ ಮೇಲೆ ಓದುವವರಿಗೂ ಇಂತಹ ಗುರುತು ಅವಶ್ಯಕವಾಗಿದೆ. ಅದನ್ನು ಇಡುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಡೊಂಬಿವಲಿಯ ವಿದ್ಯಾರ್ಥಿನಿಯೊಬ್ಬಳು ಕನ್ನಡ ವಿಕಿಪೀಡಿಯದಲ್ಲಿ ಠಾಣೆಯನ್ನು ಕುರಿತ ಪುಟವನ್ನು ಓದುತ್ತಿರುವಳೆಂದು ಭಾವಿಸಿರಿ. 2003ರಲ್ಲಿ ಆರಂಭವಾದ ಈ ವಿಶ್ವಕೋಶಕ್ಕೆ ಓದುಗರೇ ಲೇಖಕರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಓಡಿದ ವಿಷಯವಾಗಿ ಒಂದು ವಾಕ್ಯವನ್ನು ಸೇರಿಸಲು ಅವಳು ಬಯಸುತ್ತಾಳೆ. ತನ್ನ ಹೆಸರಿನಲ್ಲಿ ಬರೆಯಬೇಕಾದರೆ ಲಾಗಿನ್ ಪುಟಕ್ಕೆ ಹೋಗಿ ಗುಪ್ತಪದವನ್ನು ಕೊಡಬೇಕು. ಅದು ಮುಗಿದೊಡನೆ ಅವಳು ಮುಖಪುಟಕ್ಕೆ ಹೋಗದೆ, ಠಾಣೆಯ ಪುಟಕ್ಕೇ ಮರಳುತ್ತಾಳೆ.

ಇದು ಸಾಧ್ಯವಾಗುವುದು ಹೇಗೆ? ಎಚ್‌ಟಿಟಿಪಿ ಎಂಬ ನಿಯಮಾವಳಿಯಲ್ಲಿ ಪ್ರತಿಯೊಂದು ಬೇಡಿಕೆಯೂ ಸ್ವತಂತ್ರವಾದುದು. ಹಿಂದಿನ ಬೇಡಿಕೆಯ ನೆನಪು ಸರ್ವರಿಗೆ ತಾನಾಗಿ ಉಳಿಯದು. ಆದುದರಿಂದ ಲಾಗಿನ್ ಕೊಂಡಿಯೇ ಮರಳಬೇಕಾದ ಪುಟದ ಹೆಸರನ್ನು ಹೊತ್ತು ಸಾಗುತ್ತದೆ. ವಿಕಿಪೀಡಿಯದ ತಂತ್ರಾಂಶವು ಪಿಎಚ್‌ಪಿ ಭಾಷೆಯದು; ಪೈಥಾನ್ ಭಾಷೆಯಲ್ಲಿ ಜಾಲತಾಣವನ್ನು ಕಟ್ಟುವವರಿಗೂ ಇದೇ ತತ್ತ್ವವು ಅನ್ವಯಿಸುತ್ತದೆ.

ಪೈಥಾನಿನಲ್ಲಿ ಎರಡು ಮಾರ್ಗಗಳುಂಟು. ಮೊದಲನೆಯದು, ಬ್ರೌಸರು ತಾನಾಗಿ ಕಳುಹಿಸುವ ‘ರೆಫರರ್’ ಎಂಬ ಒಕ್ಕಣೆ. 1996ರ ನಿಯಮಪತ್ರದಲ್ಲಿ ಇದರ ಇಂಗ್ಲಿಷ್ ಕಾಗುಣಿತದಿಂದ ಒಂದಕ್ಷರ ಬಿಟ್ಟುಹೋಗಿ, ಆ ತಪ್ಪು ಇಂದಿಗೂ ಹಾಗೆಯೇ ಉಳಿದಿದೆ! ಫ್ಲಾಸ್ಕ್ ಎಂಬ ಚೌಕಟ್ಟಿನಲ್ಲಿ ಇದನ್ನು ಸುಲಭವಾಗಿ ಓದಬಹುದು. ಆದರೆ ಗೌಪ್ಯತೆಯ ಸಲುವಾಗಿ ಬ್ರೌಸರು ಇದನ್ನು ಕಳುಹಿಸದಿರಬಹುದು. ಅಲ್ಲದೆ, ಗುಪ್ತಪದವನ್ನು ಸಲ್ಲಿಸಿದ ಕ್ಷಣದಲ್ಲಿ ‘ಹಿಂದಿನ ಪುಟ’ವೆಂದರೆ ಲಾಗಿನ್ ಪುಟವೇ ಆಗಿರುತ್ತದೆ, ಹುಡುಗಿಯು ಬಾಗಿಲಿನಿಂದ ಬಾಗಿಲಿಗೇ ಬಂದು ನಿಲ್ಲುವಳು.

ಎರಡನೆಯ ಮಾರ್ಗವು ಇದಕ್ಕಿಂತ ಭದ್ರವಾದುದು. 2005ರಲ್ಲಿ ಪ್ರಕಟವಾದ ಜ್ಯಾಂಗೋ ಎಂಬ ಚೌಕಟ್ಟು, ಮರಳಬೇಕಾದ ವಿಳಾಸವನ್ನು ‘ನೆಕ್ಸ್ಟ್’ ಎಂಬ ಹೆಸರಿನಲ್ಲಿ ಲಾಗಿನ್ ವಿಳಾಸಕ್ಕೆ ಜೋಡಿಸುತ್ತದೆ. ಗುಪ್ತಪದವು ಸರಿಯಾಗಿದ್ದರೆ ಸರ್ವರು 302 ಎಂಬ ಸಂಖ್ಯೆಯ ಉತ್ತರದೊಡನೆ ಆ ವಿಳಾಸವನ್ನು ಕೊಡುತ್ತದೆ; ಬ್ರೌಸರು ಅಲ್ಲಿಗೆ ತೆರಳುತ್ತದೆ.

ಆದರೆ ಇಲ್ಲಿಯೇ ಅಪಾಯವೂ ಅಡಗಿದೆ. ವಂಚಕನು ನಿಜವಾದ ತಾಣದ ಲಾಗಿನ್ ಕೊಂಡಿಗೆ ತನ್ನ ಕಳ್ಳತಾಣದ ವಿಳಾಸವನ್ನು ಜೋಡಿಸಿ ನಮಗೆ ಕಳುಹಿಸಬಲ್ಲನು. ನಾವು ನಿಜವಾದ ಬಾಗಿಲಲ್ಲೇ ಗುಪ್ತಪದವನ್ನು ಕೊಟ್ಟು, ಮರುಕ್ಷಣವೇ ಅದರಂತೆಯೇ ಕಾಣುವ ಕಳ್ಳತಾಣಕ್ಕೆ ಬಂದಿರುತ್ತೇವೆ. ‘ಗುಪ್ತಪದ ತಪ್ಪಾಗಿದೆ, ಮತ್ತೊಮ್ಮೆ ಬರೆಯಿರಿ’ ಎಂದು ಅದು ಕೇಳುತ್ತದೆ. ಬರೆದರೆ ಗುಟ್ಟು ವಂಚಕನ ಕೈ ಸೇರಿತು. ಕಸಾರಾ ಗಾಡಿಯೆಂದು ಕರ್ಜತ್ ಗಾಡಿಯನ್ನೇರಿದವನಿಗೆ ಕಲ್ಯಾಣವನ್ನು ದಾಟಿದ ಮೇಲೆಯೇ ತಪ್ಪು ತಿಳಿಯುವಂತೆ, ಇಲ್ಲಿಯೂ ತಡವಾಗಿಯೇ ಅರಿವಾಗುತ್ತದೆ.

ಆದುದರಿಂದ ಮರಳುವ ವಿಳಾಸವು ತನ್ನ ತಾಣದ್ದೇ ಎಂಬುದನ್ನು ಕಾರ್ಯಕ್ರಮವು ಪರೀಕ್ಷಿಸಲೇಬೇಕು. ವಿಳಾಸವು ಓರೆಗೆರೆಯಿಂದ ಆರಂಭವಾದರೆ ಸಾಕೆಂದು ಕೆಲವರು ಬಗೆಯುತ್ತಾರೆ. ಆದರೆ ಎರಡು ಓರೆಗೆರೆಗಳಿಂದ ಆರಂಭವಾಗುವ ವಿಳಾಸವು ಬೇರೊಂದು ತಾಣಕ್ಕೇ ಒಯ್ಯಬಲ್ಲದು. ಜ್ಯಾಂಗೋದ ಲಾಗಿನ್ ವ್ಯವಸ್ಥೆಯು ಈ ಪರೀಕ್ಷೆಯನ್ನು ತಾನೇ ಮಾಡುತ್ತದೆ. ಫ್ಲಾಸ್ಕಿನಲ್ಲಿ ಅದು ಬರೆಯುವವನ ಹೊಣೆ. ಸಂದೇಹವಿದ್ದರೆ ಮುಖಪುಟಕ್ಕೆ ಕಳುಹಿಸುವುದೇ ಲೇಸು.

ಇಂದು ಪೈಥಾನನ್ನು ಕಲಿಯುತ್ತಿರುವ ವಿದ್ಯಾರ್ಥಿಮಿತ್ರರು ಈ ನಾಲ್ಕು ಸಾಲುಗಳ ಪರೀಕ್ಷೆಯನ್ನು ಅಲ್ಪವೆಂದು ಬಿಡದಿರಲಿ. ನಾಳೆ ಅವರು ಕಟ್ಟುವ ತಾಣದ ಬಾಗಿಲಿಗೆ ನಮ್ಮ ತಂದೆತಾಯಿಗಳೂ ಬರುವರು. ಅವರು ಕ್ಷೇಮವಾಗಿ ಮರಳುವುದು ಆ ಸಾಲುಗಳನ್ನು ಅವಲಂಬಿಸಿದೆ.